ಕಡಿಮೆ ಖರ್ಚಿನಲ್ಲಿ ಒಳ್ಳೆಯ ಧ್ವನಿ: ಮನೆಯಲ್ಲಿ ಹೈ-ಫೈ ಹೊಂದಿಸಿಕೊಳ್ಳುವ ಬಗ್ಗೆ ಮಾಹಿತಿ



ಕಳೆದ ವಾರ್ಷಿಕ ಸಭೆಯಲ್ಲಿ ಒಂದು ಪ್ರಶ್ನೆ ಬಂದಿತ್ತು: ಸಂಘದ ಸಭಾಗೃಹಕ್ಕೆಂದು 18,500 ರೂಪಾಯಿ ಕೊಟ್ಟು ತಂದ ಸ್ಪೀಕರ್ ಮೂಲೆಯಲ್ಲಿ ಬೆಡ್‌ಶೀಟ್ ಹೊದ್ದು ಯಾಕೆ ನಿಂತಿದೆ? ಆ ವೋಚರಿಗೆ ಸಹಿ ಮಾಡಿದವನು ನಾನೇ. ಆದ್ದರಿಂದ ಉತ್ತರ ಕೊಡಬೇಕಾದವನೂ ನಾನೇ. ಸಭೆಯಲ್ಲಿ ಸಮಯ ಸಾಲದೆ ಅರ್ಧ ಹೇಳಿ ಕೂತೆ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮನೆಗೆ ಇಂಥ ಸಾಮಾನು ಕೊಳ್ಳುವ ಯೋಚನೆಯಲ್ಲಿರುವ ಸದಸ್ಯರಿಗೂ ಉಪಯೋಗವಾದೀತು.

ನಾವು ತಂದದ್ದು ಬಣ್ಣದ ದೀಪ ಮಿನುಗುವ, ಕೆಳಗೆ ಗಾಲಿ ಇರುವ, ಎದೆಯೆತ್ತರದ ಪಾರ್ಟಿ ಸ್ಪೀಕರ್. ರಾಜ್ಯೋತ್ಸವದ ದಿನ ಮಕ್ಕಳ ನೃತ್ಯಕ್ಕೆ ಅದು ಚೆನ್ನಾಗಿಯೇ ಇತ್ತು. ಮರುತಿಂಗಳು ಮಲ್ಲಿಕಾರ್ಜುನ ಮನಸೂರರ ಧ್ವನಿಮುದ್ರಣ ಕೇಳಲು ಹದಿನೈದು ಮಂದಿ ಕೂತೆವು. ತಂಬೂರಿ ಮಾಯವಾಗಿತ್ತು. ಡಗ್ಗಾ ಮಾತ್ರ ಗುಡುಗುತ್ತಿತ್ತು. ಮನಸೂರರು ಕೊಡದೊಳಗೆ ಮುಖವಿಟ್ಟು ಹಾಡಿದಂತೆ ಕೇಳುತ್ತಿತ್ತು. ಹತ್ತು ನಿಮಿಷಕ್ಕೆ ಹಿರಿಯ ಸದಸ್ಯರೊಬ್ಬರು "ಸೆಕ್ರೆಟರಿ ಸಾಹೇಬ್ರ, ಇದಕ್ಕಿಂತ ನಮ್ಮಪ್ಪನ ಮರ್ಫಿ ರೇಡಿಯೋ ಬೇಷಿತ್ರಿ" ಎಂದು ಎದ್ದು ಹೋದರು. ಅವರ ಮಾತು ಸುಳ್ಳಾಗಿರಲಿಲ್ಲ.

ಆಮೇಲೆ ನಾವು ನಾಲ್ವರು ಸ್ವಂತ ಹಣ ಹಾಕಿ, ಆರು ತಿಂಗಳು ವಿಚಾರಿಸಿ, 16,700 ರೂಪಾಯಿಗೆ ಇನ್ನೊಂದು ಸೆಟ್ ಹೊಂದಿಸಿದೆವು. ಈಗ ಸಭಾಗೃಹದಲ್ಲಿ ನುಡಿಯುತ್ತಿರುವುದು ಅದೇ. ಖರ್ಚಿನ ವಿವರ: ಒಂದು ಜೊತೆ ಸ್ಪೀಕರ್ (ಹಳೆಯವು) 8,500, ಅಡಾಪ್ಟರ್ ಸಮೇತ ಸಣ್ಣ ಆಂಪ್ಲಿಫೈಯರ್ (ಹೊಸದು) 4,300, ಫೋನಿಗೆ ಹಚ್ಚುವ ಡಿಎಸಿ 1,900, ವಯರ್ 400, ಕಬ್ಬಿಣದ ಎರಡು ಸ್ಟ್ಯಾಂಡ್ 1,600.

ಇದು ನಮಗೇಕೆ ಬೇಕು

ಹೈ-ಫೈ ಎಂದರೆ ಹೈ ಫಿಡೆಲಿಟಿ, ಅಂದರೆ ಮೂಲಕ್ಕೆ ನಿಷ್ಠೆ. ಮುದ್ರಣದಲ್ಲಿ ಏನಿದೆಯೋ ಅದನ್ನು ಕೂಡಿಸದೆ ಕಳೆಯದೆ ಒಪ್ಪಿಸುವುದು. ಜೋರು ಧ್ವನಿಗೂ ಇದಕ್ಕೂ ಸಂಬಂಧವಿಲ್ಲ.

ನಾವಿರುವ ಜಾಗವೂ ಸಾಮಾನ್ಯವಲ್ಲ. ಅಲ್ಲಾದಿಯಾ ಖಾನ್ ಸಾಹೇಬರು ಶಾಹೂ ಮಹಾರಾಜರ ಆಸ್ಥಾನ ಗಾಯಕರಾಗಿ ಇದ್ದದ್ದು ಕೊಲ್ಹಾಪುರದಲ್ಲಿ. ಧಾರವಾಡದ ಪಕ್ಕದ ಮನಸೂರಿನಿಂದ ಬಂದ ಹುಡುಗ ಮೊದಲು ಮಿರಜಿನ ನೀಲಕಂಠಬುವಾ ಅವರಲ್ಲಿ, ಆಮೇಲೆ ಖಾನ್ ಸಾಹೇಬರ ಮಕ್ಕಳಾದ ಮಂಜಿ ಖಾನ್, ಬುರ್ಜಿ ಖಾನ್ ಅವರಲ್ಲಿ ಕಲಿತು ಮಲ್ಲಿಕಾರ್ಜುನ ಮನಸೂರರಾದರು. ಮಿರಜಿನಲ್ಲಿ ನೆಲೆಸಿದ್ದ ಅಬ್ದುಲ್ ಕರೀಂ ಖಾನರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವರು. ಅವರ ಶಿಷ್ಯರು ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ. ರಾಜ್ಯದ ಗಡಿ ಎಲ್ಲಿ ಬಿದ್ದರೂ ಈ ಹಾಡುಗಾರಿಕೆ ಎರಡೂ ಕಡೆಯದು. ಅದನ್ನು ನಮ್ಮ ಮೊಮ್ಮಕ್ಕಳು ಫೋನಿನ ಬೆರಳಗಲದ ಸ್ಪೀಕರಿನಲ್ಲಿ ಕೇಳಿ "ಅಜ್ಜಾ, ಇದರಾಗ ಏನೈತಿ?" ಎಂದರೆ ತಪ್ಪು ಮಕ್ಕಳದ್ದಲ್ಲ.

ಒಂದು ಲೆಕ್ಕ ನೋಡಿ. ಮನುಷ್ಯನ ಕಿವಿಗೆ ಕೇಳುವುದು ಸೆಕೆಂಡಿಗೆ 20ರಿಂದ 20,000 ಕಂಪನಗಳು, ಅಂದರೆ 20ರಿಂದ 20,000 ಹರ್ಟ್ಸ್. ಇಲ್ಲಿಯವರು ಕಾಳಿ ಏಕ್ ಎನ್ನುವ ಶ್ರುತಿಯಲ್ಲಿ ಹಾಡುವ ಗಂಡಸಿನ ಷಡ್ಜ ಸುಮಾರು 138 ಹರ್ಟ್ಸ್. ತಂಬೂರಿಯ ಖರಜದ ತಂತಿ ಅದರ ಅರ್ಧ, ಸುಮಾರು 69 ಹರ್ಟ್ಸ್. ಫೋನಿನ ಸ್ಪೀಕರ್ ಸುಮಾರು 300 ಹರ್ಟ್ಸಿನ ಕೆಳಗಿನದನ್ನು ಸರಿಯಾಗಿ ನುಡಿಸಲಾರದು. ಹಾಗಾದರೆ ಫೋನಿನಲ್ಲಿಯೂ ಸ್ವರ ತಿಳಿಯುತ್ತದಲ್ಲ ಎಂದು ಕೇಳಬಹುದು. ತಿಳಿಯುತ್ತದೆ. ಮೂಲ ಕಂಪನದ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟಿನ ಉಪಸ್ವರಗಳನ್ನು ಕೇಳಿ ಮಿದುಳು ಮೂಲಸ್ವರವನ್ನು ತಾನೇ ಊಹಿಸಿಕೊಳ್ಳುತ್ತದೆ. ಆದರೆ ಊಹೆಯಲ್ಲಿ ತಂಬೂರಿಯ ತುಂಬು ಇರುವುದಿಲ್ಲ. 60 ಹರ್ಟ್ಸ್‌ವರೆಗೆ ಇಳಿಯುವ ಒಂದು ಜೊತೆ ಸಾಧಾರಣ ಸ್ಪೀಕರ್ ಇದ್ದರೆ ಖರಜ ಕೋಣೆಯೊಳಗೆ ಬಂದು ಕೂರುತ್ತದೆ. ನಮ್ಮ ಸಂಗೀತಕ್ಕೆ ಅದಕ್ಕಿಂತ ಕೆಳಗಿನದು ಹೆಚ್ಚು ಬೇಕಿಲ್ಲ. ದೊಡ್ಡ ಸಬ್‌ವೂಫರಿನ ಹಣ ಉಳಿಯಿತು.

ಹಣ ಎಲ್ಲಿ ಹಾಕಬೇಕು

ಅರ್ಧಕ್ಕೆ ಕಡಿಮೆಯಾಗದಷ್ಟು ಹಣವನ್ನು ಸ್ಪೀಕರಿಗೆ ಹಾಕಿ. ಇವತ್ತಿನ ಅಗ್ಗದ ಆಂಪ್ಲಿಫೈಯರುಗಳ ನಡುವಿನ ವ್ಯತ್ಯಾಸ ಕಿವಿಗೆ ತಿಳಿಯುವುದು ಕಷ್ಟ. ಸ್ಪೀಕರುಗಳ ವ್ಯತ್ಯಾಸ ಕಣ್ಣು ಕಟ್ಟಿ ಕೂರಿಸಿದರೂ ತಿಳಿಯುತ್ತದೆ.

ಬೇಕಾದದ್ದು ಎರಡು ಪ್ರತ್ಯೇಕ ಡಬ್ಬಿ. ಪ್ರತಿಯೊಂದರಲ್ಲೂ ಕೆಳಸ್ವರಕ್ಕೆ ಐದು ಅಥವಾ ಆರು ಇಂಚಿನ ವೂಫರ್, ಮೇಲಿನದಕ್ಕೆ ಒಂದು ಸಣ್ಣ ಟ್ವೀಟರ್. ಇವನ್ನು ಅಂಗಡಿಯವರು ಬುಕ್‌ಶೆಲ್ಫ್ ಸ್ಪೀಕರ್ ಎನ್ನುತ್ತಾರೆ. ಆಂಪ್ಲಿಫೈಯರ್ ಒಳಗೇ ಇರುವ ಜೊತೆಯೂ ಸಿಗುತ್ತದೆ. ಅದಕ್ಕೆ ಫೋನಿನ ವಯರ್ ನೇರವಾಗಿ ಚುಚ್ಚಿದರೆ ಕೆಲಸ ಮುಗಿಯಿತು. ಎಡಿಫೈಯರ್ ಆರ್1280 ಎಂಬುದು ಈ ಜಾತಿಯದು, ನಾಲ್ಕು ಇಂಚಿನ ವೂಫರ್, ಎರಡೂ ಕೂಡಿ 42 ವ್ಯಾಟ್. ಬಾಡಿಗೆ ಮನೆಯಲ್ಲಿರುವವರಿಗೆ, ವಯರಿನ ಗೋಜಲು ಬೇಡ ಎನ್ನುವವರಿಗೆ ಇಂಥದೇ ಸಾಕು. ಟಿವಿಯ ಕೆಳಗಿಡುವ ಸೌಂಡ್‌ಬಾರ್ ಧಾರಾವಾಹಿಯ ಮಾತು ಸ್ಪಷ್ಟವಾಗಲು ಒಳ್ಳೆಯದು, ಸಂಗೀತಕ್ಕೆ ನಾನು ಹೇಳುವುದಿಲ್ಲ.

ನಿಮ್ಮ ಬಜೆಟ್ 3,000 ರೂಪಾಯಿಯ ಒಳಗಿದ್ದರೆ ಸ್ಪೀಕರಿನ ಗೊಡವೆಗೆ ಹೋಗಲೇಬೇಡಿ. ಒಂದು ಒಳ್ಳೆಯ ವಯರಿನ ಹೆಡ್‌ಫೋನ್ ತೆಗೆದುಕೊಳ್ಳಿ. ಆ ದರಕ್ಕೆ ಬರುವ ಯಾವ ಸ್ಪೀಕರೂ ಅದರ ಹತ್ತಿರ ಸುಳಿಯುವುದಿಲ್ಲ. ಕೊರತೆ ಒಂದೇ, ಮನೆಯವರೊಡನೆ ಕೂತು ಕೇಳುವಂತಿಲ್ಲ.

ವ್ಯಾಟಿನ ಮೋಸ

ಡಬ್ಬಿಯ ಮೇಲೆ 5,000 ವ್ಯಾಟ್ ಪಿಎಂಪಿಒ ಎಂದು ಬರೆದಿರುತ್ತದೆ. ಮೂವತ್ತು ವರ್ಷ ಜಮಾ-ಖರ್ಚು ಬರೆದವನ ಕಣ್ಣಿಗೆ ಇದು ಮೊದಲೇ ಬೀಳಬೇಕಿತ್ತು. ಅಡಾಪ್ಟರಿನ ಮೇಲೆ 12 ವೋಲ್ಟ್, 3 ಆಂಪಿಯರ್ ಎಂದಿದ್ದರೆ ಒಳಗೆ ಬರುವುದು ಹೆಚ್ಚೆಂದರೆ 36 ವ್ಯಾಟ್. ಜಮೆ 36 ಇರುವಾಗ ಖರ್ಚು 5,000 ಹೇಗಾದೀತು? ನೋಡಬೇಕಾದದ್ದು ಆರ್‌ಎಂಎಸ್ ಎಂದು ಬರೆದ ಅಂಕೆ ಮಾತ್ರ.

ಮನೆಗೆ ಎಷ್ಟು ವ್ಯಾಟ್ ಬೇಕು? ಸ್ಪೀಕರಿನ ಕಾಗದದಲ್ಲಿ ಸೆನ್ಸಿಟಿವಿಟಿ ಎಂಬ ಸಾಲು ಇರುತ್ತದೆ. 87 ಡೆಸಿಬಲ್ ಎಂದಿದ್ದರೆ, ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಅಷ್ಟು ಸದ್ದು. ಮೂರು ಮೀಟರ್ ಹಿಂದೆ ಕೂತರೆ ಒಂಬತ್ತು-ಹತ್ತು ಡೆಸಿಬಲ್ ಇಳಿಯುತ್ತದೆ. ಸ್ಪೀಕರ್ ಎರಡಿರುವುದರಿಂದ ಮೂರು ಏರುತ್ತದೆ. ಉಳಿಯುವುದು ಸುಮಾರು 80. ಎದುರುಬದುರು ಕೂತು ಆಡುವ ಮಾತು ಸುಮಾರು 60. ಅಂದರೆ ಒಂದೊಂದು ವ್ಯಾಟಿನಲ್ಲೇ ಪಕ್ಕದ ಮನೆಯವರಿಗೆ ಕೇಳಲು ಶುರುವಾಯಿತು! ವ್ಯಾಟ್ ದುಪ್ಪಟ್ಟಾದಾಗಲೊಮ್ಮೆ ಮೂರು ಡೆಸಿಬಲ್ ಮಾತ್ರ ಏರುತ್ತದೆ. ತಬಲಾದ ಪೆಟ್ಟಿಗೆ ಮಿಗತೆ ಇರಲೆಂದು ಹಿಡಿದರೂ, ಪ್ರತಿ ಕಡೆ 20-30 ಆರ್‌ಎಂಎಸ್ ವ್ಯಾಟ್ ಮನೆಗೆ ಧಾರಾಳ.

ಕೋಣೆಯೂ ಒಂದು ಯಂತ್ರವೇ

ಈ ವಿಷಯ ಯಾವ ಅಂಗಡಿಯವರೂ ಹೇಳುವುದಿಲ್ಲ, ಯಾಕೆಂದರೆ ಇದರಲ್ಲಿ ಮಾರುವಂಥದ್ದು ಏನೂ ಇಲ್ಲ. ನಮ್ಮ ಹೊಸ ಸೆಟ್ ಮೊದಲ ದಿನ ಅಂಥಾ ಹೇಳಿಕೊಳ್ಳುವಂತಿರಲಿಲ್ಲ. ಮುಖ ಸಣ್ಣದಾಯಿತು. ಆಮೇಲೆ ಬದಲಾದದ್ದು ಯಂತ್ರವಲ್ಲ, ಅದನ್ನು ಇಟ್ಟ ಜಾಗ.

ಖಾಲಿ ಕೋಣೆಯಲ್ಲಿ ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. "ಠಣ್" ಎಂದು ಬಾಲ ಬಂದರೆ ಅದೇ ಬಾಲ ಪ್ರತಿಯೊಂದು ತಾನಿಗೂ ಅಂಟಿಕೊಳ್ಳುತ್ತದೆ. ಟೈಲ್ಸ್ ನೆಲ, ಸಿಮೆಂಟ್ ಗೋಡೆ, ಗಾಜಿನ ಕಿಟಕಿ, ಇವು ಧ್ವನಿಯನ್ನು ಚೆಂಡಿನಂತೆ ತಿರುಗಿ ಎಸೆಯುತ್ತವೆ. ಪರಿಹಾರ ಮನೆಯಲ್ಲೇ ಇದೆ. ನೆಲಕ್ಕೆ ಜಮಖಾನೆ ಹಾಸಿ. ಸ್ಪೀಕರಿನ ಪಕ್ಕದ ಗೋಡೆಗೆ ಕಂಬಳಿಯನ್ನೋ ಸೋಲಾಪುರದ ದಪ್ಪ ಚಾದರವನ್ನೋ ಮಡಿಸಿ ತೂಗುಹಾಕಿ. ಪುಸ್ತಕದ ಕಪಾಟು ಇದ್ದರೆ ಹಿಂದಿನ ಗೋಡೆಗೆ ಒಳ್ಳೆಯದು. ಇಚಲಕರಂಜಿಯಲ್ಲಿ ಮಗ್ಗದ ಪರಿಚಯ ಇರುವವರು ದಪ್ಪ ಬಟ್ಟೆ ಸೋವಿ ದರಕ್ಕೆ ತಂದು ಪರದೆ ಹೊಲಿಸಬಹುದು. ನಾವು ಹಾಗೇ ಮಾಡಿದೆವು. ಎಲ್ಲಾ ಗೋಡೆಗೂ ಹಚ್ಚಬೇಡಿ, ಆಗ ಹಾಡು ಸತ್ತಂತಾಗುತ್ತದೆ.

ಸ್ಪೀಕರನ್ನು ಮೂಲೆಗೆ ಇಡಬೇಡಿ. ಮೂಲೆಯಲ್ಲಿ ಕೆಳಸ್ವರ ಊದಿಕೊಂಡು ಡಗ್ಗಾ ಡೋಲಾಗುತ್ತದೆ. ಹಿಂದಿನ ಗೋಡೆಯಿಂದ ಒಂದೆರಡು ಅಡಿ ಮುಂದೆ ಇರಲಿ. ಎರಡರ ನಡುವೆ ಎಷ್ಟು ಅಂತರವೋ, ಪ್ರತಿಯೊಂದರಿಂದ ನೀವು ಕೂರುವ ಜಾಗವೂ ಅಷ್ಟೇ ದೂರ ಇರಲಿ, ಸಮಬಾಹು ತ್ರಿಕೋನದಂತೆ. ಮುಖವನ್ನು ನಿಮ್ಮ ಕಡೆ ಸ್ವಲ್ಪ ತಿರುಗಿಸಿ. ಟ್ವೀಟರ್ ಕಿವಿಯ ಎತ್ತರಕ್ಕೆ ಬರಬೇಕು. ಎಲ್ಲಾ ಪುಸ್ತಕಗಳಲ್ಲಿ ಸೋಫಾದ ಎತ್ತರ ಹಿಡಿದು ಸ್ಟ್ಯಾಂಡಿನ ಲೆಕ್ಕ ಕೊಟ್ಟಿರುತ್ತಾರೆ. ನಮ್ಮ ಬೈಠಕ್ ನೆಲದ ಮೇಲೆ. ಚಕ್ಕಳಮಕ್ಕಳ ಹಾಕಿ ಕೂತವರ ಕಿವಿ ಸುಮಾರು 75 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ಆದ್ದರಿಂದ ನಮ್ಮ ಸ್ಟ್ಯಾಂಡ್ ಗಿಡ್ಡ. ಎಂಐಡಿಸಿಯ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಚೌಕದ ಪೈಪಿನಿಂದ ಮಾಡಿಸಿದೆವು. ಪೈಪ್ ಠಣಗುಟ್ಟಬಾರದೆಂದು ಒಳಗೆ ಮರಳು ತುಂಬಬೇಕು. ಶಿರೋಳಿಯಲ್ಲಿ ಮರಳಿಗೆ ಬರವೇ ಎಂದು ಫೌಂಡ್ರಿಯ ಬಳಸಿದ ಮರಳು ತರಲು ಹೋಗಬೇಡಿ. ಅದರಲ್ಲಿ ರಾಳವೂ ನವುರು ಸಿಲಿಕಾ ಧೂಳೂ ಇರುತ್ತದೆ, ಮನೆಯೊಳಗೆ ಬೇಡ. ತೊಳೆದು ಒಣಗಿಸಿದ ಹೊಳೆಮರಳು ಸಾಕು.

ವಯರಿನ ಬಗ್ಗೆ ಎರಡೇ ಮಾತು. ಮನೆಯ ವಿದ್ಯುತ್ತಿಗೆ ಬಳಸುವ 1.5 ಚದರ ಮಿಲಿಮೀಟರಿನ ತಾಮ್ರದ ವಯರ್ ಐದು ಮೀಟರಿನವರೆಗೆ ಸಾಕು. ಅದಕ್ಕಿಂತ ದುಬಾರಿಯದು ಕೊಡಲು ಬಂದವರಿಗೆ ನಮಸ್ಕಾರ ಹೇಳಿ ಕಳಿಸಿ. ಎರಡನೆಯದು, ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಜೋಡಿಸಬೇಕು. ಒಂದು ಸ್ಪೀಕರಿನದು ಮಾತ್ರ ಉಲ್ಟಾ ಆದರೆ ಕೆಳಸ್ವರ ಸೊರಗುತ್ತದೆ, ಹಾಡುವವರು ಎಲ್ಲಿದ್ದಾರೆಂದೇ ತಿಳಿಯುವುದಿಲ್ಲ. ಪರೀಕ್ಷೆಗೆ ಹಳೆಯ ಮೋನೋ ಮುದ್ರಣ ಹಾಕಿ. ಎಲ್ಲವೂ ಸರಿ ಇದ್ದರೆ ಗಾಯಕರು ಎರಡು ಸ್ಪೀಕರಿನ ನಟ್ಟನಡುವೆ, ಏನೂ ಇಲ್ಲದ ಜಾಗದಲ್ಲಿ, ಕೂತು ಹಾಡಿದಂತೆ ಕೇಳುತ್ತದೆ. ಪರದೆ ಕಟ್ಟಿದ ಸಂಜೆ ಗಂಗೂಬಾಯಿಯವರು ನಮ್ಮ ಸಭಾಗೃಹದಲ್ಲಿ ಹಾಗೆ ಕೂತರು. ಎದ್ದು ಹೋಗಿದ್ದ ಆ ಹಿರಿಯರನ್ನು ಫೋನ್ ಮಾಡಿ ಕರೆಸಿದೆ. ಬಂದರು, ಕೊನೆಯವರೆಗೆ ಕೂತರು. ಹೋಗುವಾಗ "ಮುಂದಿನ ಐತವಾರ ಎಷ್ಟೊತ್ತಿಗ್ರಿ?" ಎಂದು ಮಾತ್ರ ಕೇಳಿದರು.

ಹಾಡು ಎಲ್ಲಿಂದ ಬರಬೇಕು

ಕೈಯಲ್ಲಿರುವ ಫೋನೇ ಸಾಕು. ಬ್ಲೂಟೂತ್ ಧ್ವನಿಯನ್ನು ಹಿಂಡಿ ಕಳಿಸುತ್ತದೆ, ಅವಸರಕ್ಕೆ ನಡೆಯುತ್ತದೆ. ಕೂತು ಕೇಳಲು ವಯರ್ ಉತ್ತಮ. ಹೊಸ ಫೋನುಗಳಲ್ಲಿ ಹೆಡ್‌ಫೋನಿನ ತೂತು ಇರುವುದಿಲ್ಲ, ಅದಕ್ಕೆ ಬೆರಳುದ್ದದ ಡಿಎಸಿ ಹಚ್ಚಬೇಕು. ಹಳೆಯ ಫೋನ್ ಡ್ರಾಯರಿನಲ್ಲಿ ಬಿದ್ದಿದ್ದರೆ ಆ ಖರ್ಚೂ ಇಲ್ಲ. ಹಾಡಿನ ಆಪ್‌ನ ಸೆಟ್ಟಿಂಗಿನಲ್ಲಿ ಗುಣಮಟ್ಟವನ್ನು ಅತಿ ಹೆಚ್ಚಿನದಕ್ಕೆ ಇಡಿ. 320 ಕೆಬಿಪಿಎಸ್‌ನಲ್ಲಿ ಕೇಳಿದರೂ ಗಂಟೆಗೆ 144 ಎಂಬಿ ಡೇಟಾ, ಅಷ್ಟೇ. ಸ್ಪೀಕರಿನಲ್ಲಿ "ಗುಂಯ್" ಎಂದು ಸದ್ದು ಬಂದರೆ ಮೊದಲು ಫೋನಿನದೋ ಲ್ಯಾಪ್‌ಟಾಪಿನದೋ ಚಾರ್ಜರ್ ಕಿತ್ತು ನೋಡಿ. ಬಹಳ ಸಲ ಅಲ್ಲಿಗೇ ನಿಲ್ಲುತ್ತದೆ.

ರೇಡಿಯೋ ಬಿಟ್ಟವರಿಗೆ ಒಂದು ನೆನಪು. 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿಯನ್ನು ನಾವು ಕೇಳಿದ್ದು ಮೀಡಿಯಂ ವೇವ್ 765ರಲ್ಲಿ. ಆ ಪಟ್ಟಿಯಲ್ಲಿ ಸುಮಾರು 4,500 ಹರ್ಟ್ಸಿನ ಮೇಲಿನದು ಬರುತ್ತಲೇ ಇರಲಿಲ್ಲ. ಎಫ್‌ಎಂನಲ್ಲಿ 15,000ದವರೆಗೆ ಬರುತ್ತದೆ. ಕೊಲ್ಹಾಪುರ ಆಕಾಶವಾಣಿಯ 102.7ನ್ನು ಒಳ್ಳೆಯ ಸ್ಪೀಕರಿನಲ್ಲಿ ಕೇಳಿ ನೋಡಿ.

ಎಲ್‌ಪಿ ತಟ್ಟೆಗಳ ಆಸೆ ಈಗ ಹುಡುಗರಲ್ಲೂ ಬಂದಿದೆ. ಆರಂಭಿಸುವವರಿಗೆ ನಾನು ಬೇಡ ಎನ್ನುತ್ತೇನೆ. ಸೂಟ್‌ಕೇಸಿನಂಥ ಅಗ್ಗದ ಪ್ಲೇಯರುಗಳ ಮುಳ್ಳು ಐದಾರು ಗ್ರಾಂ ಭಾರ ಹಾಕಿ ತಟ್ಟೆಯನ್ನು ಸವೆಸುತ್ತದೆ. ಒಳ್ಳೆಯ ಕಾರ್ಟ್ರಿಜ್ ಎರಡು ಗ್ರಾಂ ಆಸುಪಾಸು. ಅಜ್ಜನ ಕಾಲದ 78ರ ತಟ್ಟೆ ಇದ್ದರೆ ಎಲ್‌ಪಿಯ ಮುಳ್ಳನ್ನು ಅದರ ಮೇಲೆ ಇಡಲೇಬಾರದು. ಅದರ ಗೆರೆ ಅಗಲ, ಮುಳ್ಳೇ ಬೇರೆ.

ಹಳೆಯದನ್ನು ಕೊಳ್ಳುವಾಗ

ನಮ್ಮಂಥವರಿಗೆ ಸೆಕೆಂಡ್ ಹ್ಯಾಂಡೇ ದಾರಿ. ಆದರೆ ನೋಡಿ ತೆಗೆದುಕೊಳ್ಳಬೇಕು. ವೂಫರಿನ ಸುತ್ತಲಿನ ಅಂಚನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ. ಫೋಮಿನದಾದರೆ ಹತ್ತು-ಹದಿನೈದು ವರ್ಷಕ್ಕೆ ಪುಡಿಯಾಗುತ್ತದೆ, ರಬ್ಬರಿನದು ಹೆಚ್ಚು ಬಾಳುತ್ತದೆ. ಟ್ವೀಟರಿಗೆ ಕಿವಿ ಹಚ್ಚಿ, ಎರಡೂ ನುಡಿಯುತ್ತವೆಯೇ ಕೇಳಿ. ವಾಲ್ಯೂಮ್ ತಿರುಗಿಸಿದಾಗ ಕರಕರ ಎಂದರೆ ಅದು ಧೂಳು, ಸ್ವಚ್ಛ ಮಾಡಿದರೆ ಹೋಗುತ್ತದೆ. ಒಂದು ಕಡೆಯ ಧ್ವನಿಯೇ ಇಲ್ಲದಿದ್ದರೆ ಬಿಟ್ಟು ಬನ್ನಿ. ಹಿಂಬದಿಯಲ್ಲಿ ಬರೆದ ವೋಲ್ಟೇಜ್ ಓದದೆ ಹಣ ಎಣಿಸಬೇಡಿ. ಜಪಾನಿನ ಸಾಮಾನು 100 ವೋಲ್ಟಿನದು, ಅಮೆರಿಕದ್ದು 120. ನಮ್ಮ 230ಕ್ಕೆ ಚುಚ್ಚಿದರೆ ಅದೇ ಕೊನೆ. ಗಲ್ಫ್‌ನಿಂದ ಬಂದವು ಸಾಮಾನ್ಯವಾಗಿ ನಮಗೆ ಹೊಂದುತ್ತವೆ. ಸ್ಪೀಕರಿನ ಓಮ್ಸ್ 4, 6, 8 ಹೀಗೆ ಇರುತ್ತದೆ. ಆಂಪ್ಲಿಫೈಯರಿನ ಹಿಂದೆ ಬರೆದದ್ದಕ್ಕಿಂತ ಅದು ಕಡಿಮೆ ಇರಕೂಡದು.

ಕೇಳಿ ನೋಡಲು ನಿಮಗೆ ಬಾಯಿಪಾಠ ಇರುವ ಹಾಡನ್ನೇ ಒಯ್ಯಿರಿ, ಅಂಗಡಿಯವರು ಹಾಕುವುದನ್ನು ನಂಬಬೇಡಿ. ಒಂದು ತಂಬೂರಿ, ಒಂದು ಡಗ್ಗಾ, ಒಂದು ಹೆಣ್ಣು ಧ್ವನಿ, ಒಂದು ಭಜನೆಯ ತಾಳ. 'ಸ', 'ಶ' ಅಕ್ಷರಗಳು ಹಾವಿನಂತೆ ಬುಸುಗುಟ್ಟಿದರೆ ಆ ಸ್ಪೀಕರ್ ಬೇಡ. ಸಾಧ್ಯವಾದರೆ ಅದಕ್ಕೂ ಮೊದಲು ಒಂದು ದಿನ ಮಿರಜಿನ ತಂಬೂರಿ ತಯಾರಿಸುವವರ ಗಲ್ಲಿಗೆ ಹೋಗಿ, ನಿಜವಾದ ತಂಬೂರಿ ಮೀಟುವುದನ್ನು ಅರ್ಧ ಗಂಟೆ ಕೇಳಿ ಬನ್ನಿ. ತೂಕಕ್ಕೆ ಕಲ್ಲು ಇಲ್ಲದೆ ತಕ್ಕಡಿ ಹಿಡಿದು ಏನು ಮಾಡುವುದು?

ಮೊದಲು ಕಿವಿ

ನಮ್ಮ ಸದಸ್ಯರಲ್ಲಿ ಅರ್ಧದಷ್ಟು ಮಂದಿ ಫೌಂಡ್ರಿಗಳಲ್ಲಿ, ಮಗ್ಗಗಳ ಶೆಡ್ಡಿನಲ್ಲಿ ದುಡಿದವರು. ಕಾರ್ಖಾನೆ ನಿಯಮದಲ್ಲಿ ಎಂಟು ಗಂಟೆಗೆ 90 ಡೆಸಿಬಲ್ ಮಿತಿ. ಗದ್ದಲದಿಂದ ಕಿವಿ ಕೆಡುವುದು ಸಾಮಾನ್ಯವಾಗಿ 4,000 ಹರ್ಟ್ಸ್ ಸುತ್ತಮುತ್ತ ಶುರುವಾಗುತ್ತದೆ. ಮಾತು ಕೇಳುತ್ತದೆ, ಆದರೆ 'ಸ' ಎಂದರೋ 'ತ' ಎಂದರೋ ತಿಳಿಯುವುದಿಲ್ಲ. ಟೈಮ್ ಆಫೀಸಿನಲ್ಲಿ ಕುರ್ಚಿಯ ಮೇಲೆ ಕೂತು ಕೆಲಸ ಮಾಡಿದ ನನಗೂ ಎಡಗಿವಿಯಲ್ಲಿ ಇದೇ ಕಥೆ, ಕಿಟಕಿಯ ಆಚೆ ಗ್ರೈಂಡಿಂಗ್ ನಡೆಯುತ್ತಿತ್ತು. ಪಾರ್ಟಿ ಸ್ಪೀಕರ್ ಕೊಳ್ಳುವ ದಿನ ಅಂಗಡಿಯಲ್ಲಿ ಅದು ನನಗೆ "ಸ್ಪಷ್ಟ" ಎನಿಸಿದ್ದು ಯಾಕೆಂದು ಆಡಿಯೋಗ್ರಾಂ ಕೈಗೆ ಬಂದ ಮೇಲೆ ತಿಳಿಯಿತು. ಮೇಲಿನ ಸ್ವರವನ್ನು ಕಿರಿಚುವಂತೆ ಏರಿಸಿದ ಯಂತ್ರವೇ ನನ್ನ ಕಿವಿಗೆ ಸರಿಕಂಡಿತ್ತು.

ಆದ್ದರಿಂದ ಅರವತ್ತು ದಾಟಿದವರು ಖರೀದಿಗೆ ಮೊದಲು ಒಮ್ಮೆ ಕಿವಿ ಪರೀಕ್ಷೆ ಮಾಡಿಸಿಕೊಳ್ಳಿ, ಮತ್ತು ಅಂಗಡಿಗೆ ಹೋಗುವಾಗ ಮನೆಯ ಇನ್ನೊಬ್ಬರನ್ನು ಕರೆದೊಯ್ಯಿರಿ. ಉಳಿದ ಕಿವಿ ಉಳಿಯಬೇಕಾದರೆ ಧ್ವನಿಯೂ ಹಿತಮಿತವಾಗಿರಬೇಕು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬಲ್.

ಕ್ಯಾಸೆಟ್ಟುಗಳು

ಕೊನೆಯದಾಗಿ ಒಂದು ವಿನಂತಿ. ಬಹಳ ಮನೆಗಳಲ್ಲಿ ಧಾರವಾಡ ಕೇಂದ್ರದ ನಾಟಕ, ಮನೆಯ ಹಿರಿಯರು ಹೇಳಿದ ಸೋಬಾನೆ ಪದ, ಮಠದ ಪ್ರವಚನ, ಇವೆಲ್ಲ ಕ್ಯಾಸೆಟ್ಟಿನಲ್ಲಿ ಮಲಗಿವೆ. ಟೇಪಿನ ಮೇಲಿನ ಲೇಪ ವರ್ಷ ಕಳೆದಂತೆ ಉದುರುತ್ತದೆ. ಸಂಘದ ಸೆಟ್ಟಿಗೆ ಒಂದು ಹಳೆಯ ಡೆಕ್ ಜೋಡಿಸಿ, ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಅವನ್ನು ಕಂಪ್ಯೂಟರಿಗೆ ಏರಿಸುತ್ತಿದ್ದೇವೆ. 48,000 ಹರ್ಟ್ಸ್, 24 ಬಿಟ್‌ನಲ್ಲಿ ಒಂದು ಗಂಟೆಯ ಧ್ವನಿ ಸುಮಾರು ಒಂದು ಜಿಬಿ ಆಗುತ್ತದೆ. ಆದ್ದರಿಂದ ಪೆನ್‌ಡ್ರೈವ್ ನೀವೇ ತರಬೇಕು. ಎರಡು ತಂದರೆ ಇನ್ನೂ ಒಳ್ಳೆಯದು, ಒಂದನ್ನು ಬೇರೆ ಊರಿನ ಮಗನ ಮನೆಯಲ್ಲಿಡಿ. ಶುಲ್ಕವಿಲ್ಲ.

ಕ್ಯಾಸೆಟ್ಟಿನ ಮೇಲೆ ಹೆಸರು, ಮನೆಯ ನಂಬರ್, ಯಾರ ಧ್ವನಿ ಎಂಬುದನ್ನು ಬರೆದ ಚೀಟಿ ಅಂಟಿಸಿ ತನ್ನಿ. ಬೂಷ್ಟು ಹಿಡಿದದ್ದನ್ನು ಮನೆಯಲ್ಲಿ ಹಾಕಿ ನೋಡಲು ಹೋಗಬೇಡಿ. ಬೂಷ್ಟು ಯಂತ್ರದ ಹೆಡ್ಡಿಗೆ ಹತ್ತಿ ಮುಂದಿನ ಕ್ಯಾಸೆಟ್ಟಿಗೂ ಹರಡುತ್ತದೆ. ಅಂಥದ್ದನ್ನು ಬೇರೆ ಚೀಲದಲ್ಲಿ ಕಟ್ಟಿ, ಇದ್ದ ಹಾಗೇ ನನ್ನ ಕೈಗೆ ಕೊಡಿ.